ಕಾಡಿಗೆ ಬೆಂಕಿ ಹಚ್ಚೋದು ಇವರಿಗೆ ಹೆಮ್ಮೆ, ನಮಗೆ ಕೇಸು

ಕಾಲಡಿಯ ನೆಲ ಸುಟ್ಟು ಕರ್ರಗಿತ್ತು. ಪೈನ್ ಮರಗಳ ಬುಡಕ್ಕೆ ಸೊಂಟದೆತ್ತರ ಮಸಿ. ಯಾರೋ ಬೀಡಿ ಎಸೆದು ಹೋಗಿರಬೇಕು ಅಂತ ನನ್ನ ಚಾಮರಾಜನಗರದ ತಲೆ ತಕ್ಷಣ ಲೆಕ್ಕ ಹಾಕಿತು. ನಮ್ಮನ್ನು ಕರೆದುಕೊಂಡು ಹೊರಟಿದ್ದ ಅಜ್ಜಿ ವಯಸ್ಸಿನ ಗೈಡ್ ಮಾತ್ರ, ಹೊಸ ಮನೆ ತೋರಿಸುವವರ ಹಾಗೆ, "ಇದು ನಾವೇ ಹಚ್ಚಿದ್ದು" ಅಂದರು. ಆಮೇಲೆ, "ನಿಮ್ಮ ಕಡೆ ಯಾರು ಹಚ್ತಾರೆ?" ಹಚ್ಚಿದವರ ಮೇಲೆ ಕೇಸು ಬೀಳುತ್ತೆ ಅಂತ ಹೇಳೋಕೆ ಯಾಕೋ ಮನಸ್ಸಾಗಲಿಲ್ಲ.

ಇದು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ತೆಂಕಣ ಅಂಚು, ಗೋಶೇ ಅನ್ನೋ ಊರಿನ ಪಕ್ಕ. ಸ್ಯಾಂಡ್‌ಹಿಲ್ ಕ್ರೇನ್ ಅನ್ನೋ, ನಮ್ಮ ಸಾರಸದ ಬಳಗದ ಹಕ್ಕಿಗಾಗಿ 1975ರಲ್ಲಿ ಕಾದಿಟ್ಟ ಜಾಗ. ಆಗ ಇಲ್ಲಿನ ಕ್ರೇನ್‌ಗಳು ನಲವತ್ತರ ಆಸುಪಾಸು ಉಳಿದಿದ್ದವಂತೆ, ಈಗ ನೂರು ದಾಟಿವೆ. ನಮಗೆ ಒಂದೂ ಕಾಣಿಸಲಿಲ್ಲ. ಆದರೂ ಯಾರೂ ಗೊಣಗಲಿಲ್ಲ, ಇದೂ ನನಗೆ ಹೊಸದೇ. ನಮ್ಮ ಸಫಾರಿ ಜೀಪಿನಲ್ಲಿ ಹುಲಿ ಕಾಣದಿದ್ದರೆ ದುಡ್ಡು ವಾಪಸ್ ಕೇಳುವವರನ್ನು ನೋಡಿದವನು ನಾನು.

ನೋಡೋಕೆ ಬಯಲು. ದೂರ ದೂರಕ್ಕೆ ಪೈನ್ ಮರ, ನಡುವೆ ಹುಲ್ಲು, ಒತ್ತಿದರೆ ನೀರು ಜಿನುಗುವ ನೆಲ. ಮಣ್ಣಿನಲ್ಲಿ ಸತ್ವ ಕಡಿಮೆ, ಅದಕ್ಕೇ ಹುಳ ಹಿಡಿದು ತಿನ್ನುವ ಹೂಜಿ ಗಿಡಗಳು, ಇಬ್ಬನಿಯಂತಹ ಅಂಟು ಮೆತ್ತಿಕೊಂಡ ಪುಟಾಣಿ ಡ್ರಾಸೆರಾ. (ಡ್ರಾಸೆರಾ ನಮ್ಮಲ್ಲೂ ಇದೆ, ಕರಾವಳಿಯ ಮುರಕಲ್ಲಿನ ಹಾಸುಗಳ ಮೇಲೆ. ಬಗ್ಗಿ ನೋಡೋರು ಯಾರು?) ಎರಡು ಮೂರು ವರ್ಷಕ್ಕೊಮ್ಮೆ ಬೆಂಕಿ ಓಡದಿದ್ದರೆ ಪೊದೆ ಬೆಳೆದು ಇದೆಲ್ಲ ನೆರಳಿಗೆ ಬಿದ್ದು ಸಾಯುತ್ತೆ, ಬಯಲು ಬೇಕಾದ ಕ್ರೇನ್‌ಗೂ ನೆಲೆ ಇರಲ್ಲ. ಲಾಂಗ್‌ಲೀಫ್ ಪೈನ್ ಸಸಿ ಮೊದಲ ಕೆಲವು ವರ್ಷ ಥೇಟ್ ಹುಲ್ಲಿನ ಗುಚ್ಛ, ನಡುವಿನ ಕುಡಿಯನ್ನು ಉದ್ದ ಎಲೆಗಳೇ ಬೆಂಕಿಯಿಂದ ಕಾಯುತ್ತವೆ. ಗಾಳಿ, ತೇವ ಎಲ್ಲ ನೋಡಿ, ಪಕ್ಕದ ಹೆದ್ದಾರಿಗೆ ಹೊಗೆ ಹೋಗದ ದಿನ ಆರಿಸಿ ಕಡ್ಡಿ ಗೀರುತ್ತಾರೆ.

ಗೈಡ್ ಇದನ್ನೆಲ್ಲ ಹೇಳುವಾಗ ನನ್ನ ತಲೆಯಲ್ಲಿ ನಮ್ಮ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ. ಅಲ್ಲಿನ ಕಾಡಿನ ಜನ ಸೋಲಿಗರು ತಲೆಮಾರುಗಳಿಂದ ಹಚ್ಚುತ್ತಿದ್ದ ತರಗು ಬೆಂಕಿ ಇದೇ ತಾನೇ? ಬೇಸಿಗೆ ಕಾವೇರುವ ಮೊದಲೇ ಒಣಗಿದ ತರಗನ್ನಷ್ಟೇ ಸುಡುವ, ಮರ ಹತ್ತದ ಸಣ್ಣ ಬೆಂಕಿ. ಮತ್ತೆ ಹೊಸ ಹುಲ್ಲು, ಕಾಣುವ ದಾರಿ, ನೆಲ್ಲಿ ಮರಕ್ಕೆ ಬದನಿಕೆ (ಕೊಂಬೆಗೆ ಅಂಟಿ ಸಾರ ಹೀರುವ ಗಿಡ) ಹತ್ತದ ಹಾಗೆ ಕಾವಲು. 1974ರಲ್ಲಿ ಅಭಯಾರಣ್ಯವಾಯಿತು, ಬೆಂಕಿ ನಿಂತಿತು. ಈಗ ತೇರಿಗೆ ಹೋಗುವವರು ದಾರಿಯುದ್ದಕ್ಕೂ ನೋಡೋದು ಹೊರಗಿಂದ ಬಂದ ಲಂಟಾನದ ಪೊದೆ. ಬೆಂಕಿ ನಿಂತಿದ್ದಕ್ಕೇ ಅದು ಹಬ್ಬಿತು ಅಂತ ಸೋಲಿಗ ಹಿರಿಯರು ಹೇಳುತ್ತಲೇ ಬಂದಿದ್ದಾರೆ, ವಿಜ್ಞಾನಿಗಳೂ ಬರೆದಿದ್ದಾರೆ. ಬೆಟ್ಟದ ದೇವರು ರಂಗಯ್ಯನನ್ನೇ ಭಾವ ಅಂತ ಕರೆಯುವ ಸೋಲಿಗರ ಮಾತನ್ನು ಕಾಡಿನ ವಿಷಯದಲ್ಲಿ ಕೇಳಲಿಲ್ಲ. ನಾನಂತೂ ಈ ಜಾಣತನ ನೋಡೋಕೆ ವಿಮಾನ ಹತ್ತಬೇಕಾಯಿತಲ್ಲ ಅಂತ ಉರಿದುಕೊಂಡೆ.

ಸರಿ, ಇಲ್ಲಿನವರೂ ಹುಟ್ಟಾ ಜಾಣರೇನಲ್ಲ. 1944ರಿಂದ ಟೋಪಿ ಹಾಕಿದ ಕರಡಿಯ ಪೋಸ್ಟರ್ ಅಂಟಿಸಿ ಕಾಡಿನ ಬೆಂಕಿ ಅಂದರೆ ಪಾಪ ಅಂತ ಮಕ್ಕಳಿಗೆ ಕಲಿಸಿದ್ದು ಇವರೇ. ಈ ತೀರದ ಲಾಂಗ್‌ಲೀಫ್ ಕಾಡುಗಳನ್ನು ಕಡಿದು ಮಾರಿದ್ದೂ ಇವರೇ. ಮೊದಲು ಇಲ್ಲಿ ಬೆಂಕಿ ಹಚ್ಚುತ್ತಿದ್ದ ಮೂಲನಿವಾಸಿಗಳ ಬಗ್ಗೆ ನಮ್ಮ ಗೈಡ್ ಒಂದೇ ವಾಕ್ಯ ಹೇಳಿ ಮುಂದೆ ನಡೆದರು. ಅವರ ನೆಲ ಕೈತಪ್ಪಿ ಎಷ್ಟೋ ಕಾಲವಾಯಿತು. ಸೋಲಿಗರಾದರೂ ಇನ್ನೂ ಅಲ್ಲೇ ಇದ್ದಾರೆ, 2011ರಲ್ಲಿ ಅವರಿಗೆ ಕಾಡಿನ ಹಕ್ಕುಪತ್ರವೂ ಸಿಕ್ಕಿತು. ಇನ್ನೊಂದೂ ಒಪ್ಪಬೇಕು. ಆಳೆತ್ತರದ ಲಂಟಾನಕ್ಕೆ ಇವತ್ತು ಕಡ್ಡಿ ಗೀರಿದರೆ ಅದು ತರಗು ಬೆಂಕಿ ಆಗಲ್ಲ, ಮರದ ತಲೆಗೇ ಹತ್ತುತ್ತೆ. 2019ರ ಬಂಡೀಪುರದ ಕಾಡ್ಗಿಚ್ಚು ನೋಡಿದ ಮೇಲೆ ನಮ್ಮವರು ಹೆದರೋದು ಸುಮ್ನೆ ಅಲ್ಲ.

ಹಾಗಂತ ಲಂಟಾನ ಕಿತ್ತ ಒಂದು ಸಣ್ಣ ತುಂಡಿನಲ್ಲಿ, ಪಕ್ಕದಲ್ಲಿ ನೀರಿನ ಟ್ಯಾಂಕರ್ ಇಟ್ಟುಕೊಂಡು ಪ್ರಯತ್ನ ಮಾಡೋಕೂ ಆಗಲ್ವಾ? ಕೈಯಾರೆ ಬೆಂಕಿ ಹಚ್ಚಿ ಗೊತ್ತಿದ್ದ ಅಜ್ಜಂದಿರು ಇನ್ನೂ ಕೆಲವರಾದರೂ ಪೋಡುಗಳಲ್ಲಿ, ಅಂದರೆ ಸೋಲಿಗರ ಹಾಡಿಗಳಲ್ಲಿ, ಇದ್ದಾರೆ. ಕೇಳೋದಾದರೆ ಈಗ ಕೇಳಬೇಕು.