ಸೋತಾಗಲೆಲ್ಲ ದುಪ್ಪಟ್ಟು ಕಟ್ಟಿದರೆ ಗೆಲುವು ಗ್ಯಾರಂಟಿಯೇ?

ಪಣಜಿ, ವಾಸ್ಕೋ ಕಡೆಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುವ ಸಂದೇಶ ಇದು: ಮಾಂಡೋವಿ ನದಿಯ ಕ್ಯಾಸಿನೊ ಹಡಗಿನಲ್ಲಿ ರೂಲೆಟ್ (ತಿರುಗುವ ಚಕ್ರದಲ್ಲಿ ಚೆಂಡು ಯಾವ ಅಂಕಿಯ, ಯಾವ ಬಣ್ಣದ ಮನೆಗೆ ಬೀಳುತ್ತದೆ ಎಂದು ಹಣ ಕಟ್ಟುವ ಆಟ) ಆಡುವಾಗ ಕೆಂಪಿಗೆ ಕಟ್ಟಿ, ಸೋತರೆ ದುಪ್ಪಟ್ಟು ಮಾಡಿ, ಗೆದ್ದೇ ಗೆಲ್ಲುತ್ತೀರಿ. ಮೇಲುನೋಟಕ್ಕೆ ಲೆಕ್ಕ ಸರಿ ಅನಿಸುತ್ತದೆ: ಕೆಂಪು ಬಂದರೆ ಕಟ್ಟಿದಷ್ಟೇ ಲಾಭ, ಹಾಗಾಗಿ ಒಂದು ಗೆಲುವು ಹಿಂದಿನ ಸೋಲನ್ನೆಲ್ಲ ತುಂಬುತ್ತದೆ. ಹಾಗಾಗಿಯೇ ಜನ ನಂಬಿ ಕಳಿಸುತ್ತಾರೆ. ಆದರೆ ಅದು ತಪ್ಪು.

ಒಂದು ಸೊನ್ನೆಯ ಚಕ್ರದಲ್ಲಿ 37 ಮನೆ: 18 ಕೆಂಪು, 18 ಕಪ್ಪು, ಒಂದು ಹಸಿರು ಸೊನ್ನೆ. ಪೆನ್ನು ಹಿಡಿದು ನೀವೇ ನೋಡಿ. ಎಲ್ಲ ಮನೆಗೂ ನೂರು ನೂರು ರೂಪಾಯಿ ಇಟ್ಟರೆ 3,700 ಆಯಿತು. ಯಾವುದೋ ಒಂದು ಮನೆ ಗೆಲ್ಲಲೇಬೇಕು. ಅದಕ್ಕೆ ಒಂದಕ್ಕೆ 35ರಂತೆ 3,500, ಜೊತೆಗೆ ನೀವಿಟ್ಟ ನೂರು. ಕೈಗೆ ಬಂದದ್ದು 3,600. ಗೆದ್ದೂ ನೂರು ಹೋಯಿತು, ಅಲ್ವಾ? ಆ ಶೇ 2.7 ಕ್ಯಾಸಿನೊದ ಪಾಲು. ಕೆಂಪಿಗೆ ಕಟ್ಟಿದರೂ ಸರಾಸರಿ ಅಷ್ಟೇ. ಎರಡು ಸೊನ್ನೆ ಇದ್ದರೆ ಶೇ 5.26.

ದುಪ್ಪಟ್ಟು ಮಾಡಿದರೆ ಈ ಪಾಲು ಕಮ್ಮಿಯಾಗುವುದಿಲ್ಲ. ನೂರರಿಂದ ಶುರು ಮಾಡಿ ಸತತ ಏಳು ಸಲ ಸೋತರೆ 12,700 ಹೋಗಿರುತ್ತದೆ. ಎಂಟನೇ ಸಲ 12,800 ಕಟ್ಟಬೇಕು, ಅದೂ ಬರೀ ನೂರು ರೂಪಾಯಿ ಲಾಭಕ್ಕೆ! ಅಷ್ಟರಲ್ಲಿ ಜೇಬು ಖಾಲಿಯಾಗಬಹುದು, ಇಲ್ಲವೇ ಟೇಬಲ್ಲಿನಲ್ಲಿ ಒಂದು ಸಲಕ್ಕೆ ಕಟ್ಟಬಹುದಾದ ಗರಿಷ್ಠ ಮಿತಿ ಅಡ್ಡ ಬರಬಹುದು.

‘ಇಷ್ಟು ಸಲ ಕಪ್ಪು ಬಂದಿದೆ, ಇನ್ನು ಕೆಂಪೇ’ ಅನ್ನುವುದೂ ಸರಿಯಲ್ಲ. ಚೆಂಡಿಗೆ ಹಿಂದಿನ ಆಟದ ನೆನಪಿಲ್ಲ. 1913ರಲ್ಲಿ ಮೊನಾಕೊ ದೇಶದ ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ ಸತತ 26 ಸಲ ಕಪ್ಪೇ ಬಂದಿತ್ತು.

ಬೇರೆ ಆಟದ ‘ಉಪಾಯ’ ಬಂದರೂ ಎರಡೇ ಪ್ರಶ್ನೆ ಕೇಳಿ: ಗೆಲ್ಲುವ ಅವಕಾಶ ಎಷ್ಟರಲ್ಲಿ ಒಂದು? ಗೆದ್ದರೆ ಕೊಡುವುದೆಷ್ಟು? ಎರಡನ್ನೂ ಪಕ್ಕಪಕ್ಕ ಬರೆದರೆ ಕ್ಯಾಸಿನೊದ ಪಾಲು ಕಾಣುತ್ತದೆ.