ಡಾನ್ ಜುವಾನನ ದುಃಖಭರಿತ ಬಾಲ್ಯ

ಕಲಬುರಗಿಯ ರಂಗಮಂದಿರದಲ್ಲಿ ಮೊನ್ನೆ ಆಡಿದ 'ಆಧುನಿಕ' ಡಾನ್ ಜುವಾನ್ ನಾಟಕದ ಗುಣಗಾನವನ್ನು ನೀವು ಈಗಾಗಲೇ ಓದಿರುತ್ತೀರಿ. ಮದುವೆಯ ಮಾತು ಕೊಟ್ಟು ಹೆಂಗಸರನ್ನು ಕೈಬಿಡುತ್ತ ಹೋಗುವ ಆ ಮಹಾಶಯನಿಗೆ ನಿರ್ದೇಶಕರು ದುಃಖಭರಿತ ಬಾಲ್ಯವೊಂದನ್ನು ದಯಪಾಲಿಸಿದ್ದಾರೆ. ಹೆತ್ತ ತಾಯಿ ಅವನನ್ನು ಎತ್ತಿಕೊಳ್ಳಲಿಲ್ಲವಂತೆ. ಅದನ್ನು ತಿಳಿಸಲು ನೀಲಿ ಬೆಳಕಿನಲ್ಲಿ ದೀರ್ಘ ಮೌನವಿತ್ತು, ಎ.ಸಿ. ಕೆಟ್ಟಿದ್ದರಿಂದ, ಬೀಸಣಿಗೆಯಾಗಿದ್ದ ಕರಪತ್ರಗಳ ಸದ್ದೊಂದೇ ಆ ಮೌನಕ್ಕೆ ಹಿನ್ನೆಲೆ ಸಂಗೀತವಾಯಿತು.

1665ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ನಾಟಕಕಾರ ಮೋಲಿಯೇರ್ ತಾನು ಬರೆದ ಈ ನಾಟಕವಾಡಿಸಿದಾಗ ನಾಯಕನಿಗೆ ಇಂಥ ಬಾಲ್ಯವೂ ಇರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ. ಕೊನೆಯ ಅಂಕದಲ್ಲಿ ಅವನು ಭಕ್ತನ ಸೋಗು ಹಾಕಿ, ಈ ಕಾಲದಲ್ಲಿ ಕಪಟಭಕ್ತಿಯೇ ಲಾಭದ ಕಸುಬೆನ್ನುತ್ತಾನೆ. ಕಸುಬಿನವರಿಗೆ ಕಣ್ಣುರಿಯಿತು, 15 ಪ್ರದರ್ಶನಗಳಿಗೇ ನಾಟಕ ನಿಂತಿತು. 1677ರಲ್ಲಿ ತಾಮಸ್ ಕಾರ್ನೆಯಿ ಎಂಬ ಇನ್ನೊಬ್ಬ ನಾಟಕಕಾರ ಅದರ ಮುಳ್ಳು ತೆಗೆದು ಪದ್ಯ ಮಾಡಿದ. ಆದುದರಿಂದ ನಾಟಕದ ಮುಳ್ಳು ತೆಗೆಯುವ ಈ ರೋಗ ನಮ್ಮೂರಿನಲ್ಲೇ ಹುಟ್ಟಿತೆಂದು ಹೆಮ್ಮೆಪಡುವಂತಿಲ್ಲ.

ಮೂಲದಲ್ಲಿ ಜುವಾನ್ ತಾನು ಕೊಂದ ಕಮಾಂಡರನ ಕಲ್ಲಿನ ಪ್ರತಿಮೆಯನ್ನು ಊಟಕ್ಕೆ ಕರೆಯುತ್ತಾನೆ. ಅದು ನಡೆದು ಬರುತ್ತದೆ. ನಮ್ಮ ಪ್ರಯೋಗದಲ್ಲಿ ಪ್ರತಿಮೆಯೇ ಇರಲಿಲ್ಲ. ಅದು ಪ್ರೇಕ್ಷಕರ ಅಂತರಂಗದಲ್ಲಿದೆಯೆಂದು ಕರಪತ್ರ ಹೇಳಿತು. ನನಗೆ ನಿಜವಾಗಿಯೂ ನಷ್ಟವೆನಿಸಿತು. ಕಲ್ಲಿನ ಹಲ್ಲಿನ ಅತಿಥಿಯೆದುರು ನಮ್ಮ ಕಡಕ್ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ಇಟ್ಟು ಯಾರು ಸೋಲುತ್ತಾರೆಂದು ನೋಡಬಹುದಿತ್ತು. ಆದರೆ ನಮ್ಮಲ್ಲಿ ಪ್ರತಿಮೆಯೊಂದು ಹೆಜ್ಜೆಯಿಡಬೇಕಾದರೆ ಮೊದಲು ಅನಾವರಣಕ್ಕೆ ಸಚಿವರ ದಿನಾಂಕ ಸಿಗಬೇಕಲ್ಲ!

ಶರಣಬಸವೇಶ್ವರ ಜಾತ್ರೆಯ ಕಂಪನಿ ನಾಟಕಗಳಲ್ಲಿ ಖಳನಾಯಕ ಹುಡುಗಿಯ ಸೆರಗಿಗೆ ಕೈಹಾಕಿದರೆ, 'ನಿನ್ನ ಬಾಯಾಗ ಮಣ್ಣ ಬೀಳಲಿ' ಎಂದು ಮುಂದಿನ ಸಾಲಿನ ಮುದುಕಿಯೊಬ್ಬಳು ಅಲ್ಲೇ ತೀರ್ಪು ಕೊಡುತ್ತಿದ್ದಳು. ಮೊನ್ನೆ ಮುಂದಿನ ಸಾಲಿನ ಗಣ್ಯರು ಜುವಾನನ ಬಾಲ್ಯಕ್ಕಾಗಿ ಕಣ್ಣೊರಸಿಕೊಂಡರು. ಅವನು ಕನ್ಯಾಮಠದಿಂದ ಕರೆತಂದು ಮದುವೆಯಾಗಿ ಬಿಟ್ಟುಹೋದ ಎಲ್ವಿರಾಳಿಗೆ ಬಾಲ್ಯವಿತ್ತೇ ಎಂದು ಯಾರೂ ಕೇಳಲಿಲ್ಲ. ಅವಳ ಮಾತುಗಳನ್ನು ಕತ್ತರಿಸಿ ನೃತ್ಯ ಮಾಡಿದ್ದರು. ನನಗೆ ಸಾಕಾಗಿದೆ. ಮೋಸಹೋದವಳನ್ನು 'ನೀನ್ಯಾಕ ನಂಬಿದಿ' ಎಂದು ಕೇಳುವವರು ಊರ ತುಂಬ ಇರುವಾಗ, ಮೋಸಗಾರನಿಗೆ ಸಮಾಧಾನ ಹೇಳಲು ಟಿಕೆಟ್ ಬೇರೆ ಕೊಳ್ಳಬೇಕೇ?

ಯಜಮಾನ ಜುವಾನ್ ಕೊನೆಗೆ ನರಕದ ಬೆಂಕಿಗೆ ಬಿದ್ದಾಗ ಸೇವಕ ಸ್ಗನರೆಲ್ 'ನನ್ನ ಸಂಬಳ!' ಎಂದು ಕೂಗುವಲ್ಲಿಗೆ ಮೂಲ ನಾಟಕ ಮುಗಿಯುತ್ತದೆ; ಆ ಪಾತ್ರವನ್ನು ಸ್ವತಃ ಮೋಲಿಯೇರನೇ ಮಾಡಿದ್ದ. ಗಾಂಭೀರ್ಯ ಕೆಡುತ್ತದೆಂದು ಇಲ್ಲಿ ಅದನ್ನೂ ಕೈಬಿಟ್ಟಿದ್ದರು. ಹೊರಬಂದಾಗ, ಲೈಟ್ ಕಟ್ಟಿದ ಹುಡುಗ ಮೆಟ್ಟಿಲ ಬಳಿ ವ್ಯವಸ್ಥಾಪಕರನ್ನು ತಡೆದು ಕೇಳುತ್ತಿದ್ದ: 'ಸರ್, ನಮ್ಮ ಪಗಾರ?'