ಒಂದನೇ ತರಗತಿಗೆ ಅಪ್ಪ-ಅಮ್ಮನ ಪರೀಕ್ಷೆ

ಮನೆಯಲ್ಲಿ ಮಗುವಿನ ಜೊತೆ ಯಾವ ಭಾಷೆಯಲ್ಲಿ ಮಾತನಾಡುತ್ತೀರಿ? ಇಬ್ಬರಲ್ಲಿ ಸಿಟ್ಟು ಯಾರಿಗೆ ಹೆಚ್ಚು? ಶನಿವಾರ, ಭಾನುವಾರ ಹೇಗೆ ಕಳೆಯುತ್ತೀರಿ? ನಮ್ಮ ಶಾಲೆಯನ್ನೇ ಯಾಕೆ ಆರಿಸಿಕೊಂಡಿರಿ?

ಮೊನ್ನೆ ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಒಂದು ಶಾಲೆಯಲ್ಲಿ ನನ್ನ ಮಗಳಿಗೂ ಅಳಿಯನಿಗೂ ಹಾಕಿದ ಪ್ರಶ್ನೆಗಳು ಇವು. ಸೀಟು ಬೇಕಾಗಿರುವುದು ಆರು ತುಂಬಿದ ಮೊಮ್ಮಗಳಿಗೆ, ಒಂದನೇ ತರಗತಿಗೆ. ಅವಳು ಪಕ್ಕದ ಕೋಣೆಯಲ್ಲಿ ಯಾರಿಗೋ ಬಣ್ಣಗಳ ಹೆಸರು ಹೇಳುತ್ತಿದ್ದಳು. ಅವಳ ಅಣ್ಣ ಇನ್ನೊಂದು ಕೋಣೆಯಲ್ಲಿ ಐದನೇ ತರಗತಿಗೆ ಲಿಖಿತ ಪರೀಕ್ಷೆ ಬರೆಯುತ್ತಿದ್ದ. ಇಡೀ ಕುಟುಂಬಕ್ಕೆ ಏಕಕಾಲದಲ್ಲಿ ಪರೀಕ್ಷೆ, ನಾನೊಬ್ಬಳು ಮಾತ್ರ ಪಾಸಾಗುವ ಹಂಗಿಲ್ಲದೆ ಮೂಲೆಯ ಸೋಫಾದಲ್ಲಿ ಕುಳಿತಿದ್ದೆ. ನನ್ನನ್ನು ಬಲ್ಲವರಿಗೆ ಗೊತ್ತು, ಸುಮ್ಮನೆ ಕುಳಿತುಕೊಳ್ಳುವುದು ನನಗೆ ಒಗ್ಗಿದ ವಿದ್ಯೆಯಲ್ಲ.

ಅಳಿಯನ ಕೆಲಸ ಧಾರವಾಡದಿಂದ ಬೆಂಗಳೂರಿಗೆ ಬದಲಾದ ಸುದ್ದಿ ಇಲ್ಲಿ ಆಗಲೇ ಬರೆದಿದ್ದೆ. ಆಗ ಎಷ್ಟೊಂದು ಜನ ಅಕ್ಕರೆಯಿಂದ ಸಲಹೆ ಕೊಟ್ಟಿರಿ. ಮೊದಲು ಒಳ್ಳೆಯ ಶಾಲೆ ಆರಿಸಿ, ಆಮೇಲೆ ಅದರ ಹತ್ತಿರ ಮನೆ ಹುಡುಕಿ ಎಂದಿರಿ. ಆರಿಸಿ! ಇಲ್ಲಿ ಆರಿಸುವವರು ನಾವಲ್ಲ ಮಹರಾಯರೇ. ಶಾಲೆ ನಮ್ಮನ್ನು ಆರಿಸುತ್ತದೆ. ಕನ್ಯೆ ನೋಡಲು ಬಂದವರು ಕೂಡ ಇಷ್ಟೊಂದು ಕೇಳುವುದಿಲ್ಲ, ಕೇಳಿದರೂ ಅದಕ್ಕೆ ನಮ್ಮಿಂದ ಹಣ ವಸೂಲಿ ಮಾಡುವುದಿಲ್ಲ. ಇಲ್ಲಿ ಅರ್ಜಿಯೊಂದಕ್ಕೆ ಸಾವಿರ ರೂಪಾಯಿ, ಸೀಟು ಸಿಗದಿದ್ದರೆ ಹಿಂತಿರುಗಿಸುವುದಿಲ್ಲ.

ಮನೆಯ ಪಾಡೂ ಅಷ್ಟೇ. ಅರ್ಜಿಗೆ ವಿಳಾಸದ ಪುರಾವೆ ಬೇಕು, ಅಂದರೆ ಬಾಡಿಗೆ ಕರಾರು ಆಗಿರಬೇಕು. ಕರಾರು ಮಾಡಿಕೊಂಡು ಲಕ್ಷಗಟ್ಟಲೆ ಮುಂಗಡ ಕೊಟ್ಟ ಮೇಲೆ ಈ ಶಾಲೆ ಒಲ್ಲೆ ಎಂದರೆ ಮಕ್ಕಳು ವರ್ತೂರಿನ ಸಂಚಾರದಲ್ಲಿ ಬಸ್ಸಿನೊಳಗೆ ಬೆಳೆಯಬೇಕು. ಹೊಸ ಊರಿಗೆ ಬಂದವರ ಕೈ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂಬುದು ಆ ಸಂದರ್ಶನದ ಮೇಜಿನ ಆಚೆ ಕುಳಿತವರಿಗೆ ಚೆನ್ನಾಗಿ ಗೊತ್ತು.

ಈಗ ಕಾನೂನಿನ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 13ನೇ ಸೆಕ್ಷನ್, ಸೇರಿಸಿಕೊಳ್ಳುವಾಗ ಮಗುವನ್ನಾಗಲಿ, ತಂದೆ ತಾಯಿಯನ್ನಾಗಲಿ, ಪೋಷಕರನ್ನಾಗಲಿ ಯಾವುದೇ ಆಯ್ಕೆ ಪರೀಕ್ಷೆಗೆ ಒಳಪಡಿಸುವಂತಿಲ್ಲ ಎಂದು ಹೇಳುತ್ತದೆ. ತಂದೆ ತಾಯಿಯ ಹೆಸರನ್ನೂ ಎತ್ತಿ ಹೇಳಿದೆ, ಮರೆತು ಬಿಟ್ಟಿಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ ನಿಜ, ಆದರೆ ನಾವು ಹೋದದ್ದು ಅಂಥ ಸಂಸ್ಥೆಗಲ್ಲ. ತಪ್ಪಿಗೆ ದಂಡವೂ ಇದೆ: ಮೊದಲ ಸಲ 25,000 ರೂಪಾಯಿಯವರೆಗೆ, ಆಮೇಲೆ ಪ್ರತಿ ಸಲ 50,000ದವರೆಗೆ. ಲೆಕ್ಕ ಹಾಕಿ. ಇಪ್ಪತ್ತೈದು ಅರ್ಜಿ ಮಾರಿದರೆ ಮೊದಲ ದಂಡದ ಹಣ ಬಂತು. ಅಂದು ಬೆಳಿಗ್ಗೆ ಆ ಹಜಾರದಲ್ಲಿ ಕಾಯುತ್ತಿದ್ದವರೇ ಅದಕ್ಕಿಂತ ಹೆಚ್ಚು ಜನ.

ಇದು ಸಂದರ್ಶನವಲ್ಲ, ಸಂವಾದ ಎಂದು ಅಲ್ಲಿನ ಪ್ರವೇಶ ಸಲಹೆಗಾರ್ತಿ ನಯವಾಗಿ ಹೇಳಿದರು. ಸಂವಾದವೆಂದರೆ ಎರಡೂ ಕಡೆಯವರು ಮಾತನಾಡಬೇಕಲ್ಲ? ಹಾಗೆಂದುಕೊಂಡು ನಾನೂ ಕೇಳಿದೆ. ನಿಮ್ಮಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಉಳಿದ ಶಿಕ್ಷಕರು ಎಷ್ಟು ಮಂದಿ? ಒಂದನೇ ತರಗತಿಯ ಒಂದು ವಿಭಾಗದಲ್ಲಿ ಎಷ್ಟು ಮಕ್ಕಳಿದ್ದಾರೆ? ಒಂದು ತರಗತಿಯ ಬಾಗಿಲಲ್ಲಿ ಎರಡು ನಿಮಿಷ ನಿಲ್ಲಬಹುದೇ? ಮೊದಲನೆಯದು ಸಂಸ್ಥೆಯ ಆಂತರಿಕ ವಿಷಯವಂತೆ. ಎರಡನೆಯದಕ್ಕೆ ನಗು. ಮೂರನೆಯದಕ್ಕೆ ಉತ್ತರವಾಗಿ ಈಜುಕೊಳ ತೋರಿಸಿದರು. ಬಹಳ ನೀಲಿಯಾಗಿತ್ತು.

ಭಾಷೆಯ ಪ್ರಶ್ನೆಗೆ ಮಗಳು ಕನ್ನಡ ಎಂದಾಗ, ಈಗಿನಿಂದಲೇ ಮನೆಯಲ್ಲಿ ಇಂಗ್ಲಿಷ್ ವಾತಾವರಣ ಬೆಳೆಸಿಕೊಳ್ಳಿ ಎಂಬ ಸಲಹೆ ಬಂತು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ರಾಜ್ಯದ ಶಾಲೆಗಳು ಕನ್ನಡ ಕಲಿಸಲೇಬೇಕು ಎನ್ನುತ್ತದೆ. ಕಲಿಸುವ ಮೊದಲೇ ಕಲಿತು ಬಂದ ಮಗು ಸಿಕ್ಕರೆ ಇವರಿಗೆ ಸಂಕಟ.

ಈ ಹಂತದಲ್ಲಿ ಕೆಲವರು ಹೇಳುವುದು ನನಗೆ ಗೊತ್ತು. ಸೀಟು ಅರವತ್ತು, ಅರ್ಜಿ ಆರುನೂರು, ಶಾಲೆಯವರು ಏನು ಮಾಡಬೇಕು ಮೇಡಂ, ಯಾವುದಾದರೂ ಅಳತೆ ಬೇಡವೇ? ಬೇಕು. ಆ ಅಳತೆಯನ್ನೂ ಕಾಯ್ದೆಯೇ ಹೇಳಿದೆ. ಲಾಟರಿಯಂಥ ಯಾದೃಚ್ಛಿಕ ವಿಧಾನ ಬಿಟ್ಟು ಬೇರೆ ಯಾವ ರೀತಿಯಲ್ಲಿ ಒಂದು ಮಗುವನ್ನು ಬಿಟ್ಟು ಇನ್ನೊಂದನ್ನು ಆರಿಸಿದರೂ ಅದು ನಿಷಿದ್ಧ ಎಂದು ವ್ಯಾಖ್ಯೆ ಕೊಟ್ಟಿದೆ. ಚೀಟಿ ಎತ್ತಿ, ಅಷ್ಟೇ. ಬಡ ಮತ್ತು ಹಿಂದುಳಿದ ಮಕ್ಕಳಿಗೆಂದು ಖಾಸಗಿ ಶಾಲೆಗಳಲ್ಲಿ ಮೀಸಲಿಟ್ಟ, ಶಿಕ್ಷಣ ಹಕ್ಕಿನ ಶೇಕಡಾ 25ರ ಸೀಟುಗಳನ್ನು ನಮ್ಮ ಸರ್ಕಾರ ಆನ್‌ಲೈನ್ ಲಾಟರಿಯಲ್ಲೇ ಹಂಚುತ್ತದೆ. ಕೇಂದ್ರೀಯ ವಿದ್ಯಾಲಯಗಳ ಒಂದನೇ ತರಗತಿಗೂ ಲಾಟರಿಯೇ. ಅಂದ ಹಾಗೆ, ಆ ವಿದ್ಯಾಲಯಗಳು 1963ರಲ್ಲಿ ಶುರುವಾದದ್ದೇ ಊರೂರಿಗೆ ವರ್ಗಾವಣೆಯಾಗುವ ಕೇಂದ್ರ ನೌಕರರ ಮಕ್ಕಳಿಗಾಗಿ. ನೌಕರನ ಜೊತೆ ಮಕ್ಕಳೂ ಊರು ಬಿಡುತ್ತವೆ ಎಂಬುದು ಆಗಿನವರ ತಲೆಗೆ ಹೊಳೆದಿತ್ತು. ಖಾಸಗಿ ಕೆಲಸದವನ ಮಕ್ಕಳು ಮಾತ್ರ ಆಕಾಶದಿಂದ ಇಳಿದವರೇನು?

ಇನ್ನೂ ಕೆಲವರು, ಮಗುವನ್ನು ಅರಿತುಕೊಳ್ಳಲು ಮಾತನಾಡಿಸುತ್ತಾರೆ ಎನ್ನುತ್ತಾರೆ. ಸೇರಿಸಿಕೊಂಡ ಮೇಲೆ ಅರಿತುಕೊಳ್ಳಲಿ, ಹತ್ತು ವರ್ಷ ಕೈಯಲ್ಲಿದೆ.

ನಾನು ಅಥಣಿ ಕಡೆಯ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿಯಾಗಿ ಇದ್ದಾಗ ದೀಪಾವಳಿ ದಾಟುತ್ತಿದ್ದಂತೆ ಕಬ್ಬಿನ ಹಂಗಾಮು ಶುರುವಾಗುತ್ತಿತ್ತು. ಮಹಾರಾಷ್ಟ್ರದ ಬೀಡ್ ಕಡೆಯಿಂದ, ನಮ್ಮ ವಿಜಯಪುರದ ಕಡೆಯಿಂದ ಕಡಿಯುವ ಗ್ಯಾಂಗುಗಳು ಎತ್ತಿನ ಗಾಡಿ ಸಮೇತ ಬಂದು ಕಾರ್ಖಾನೆಯ ಬದಿಯ ಬಯಲಲ್ಲಿ ಗುಡಿಸಲು ಹಾಕುತ್ತಿದ್ದವು. ಮಕ್ಕಳು ಶಾಲೆಯ ಗೋಡೆಯಾಚೆ ನಿಂತು ಇಣುಕುತ್ತಿದ್ದವು. ಒಳಗೆ ಕರೆದರೆ ಕಂಕುಳಲ್ಲಿ ಕೂಸಿರುತ್ತಿತ್ತು, ಕೂಸನ್ನೂ ಕರೆಯುತ್ತಿದ್ದೆವು. ವರ್ಗಾವಣೆ ಪತ್ರ ಇಲ್ಲ, ಜನ್ಮ ದಿನಾಂಕ ಇಲ್ಲ, ಅರ್ಧದಷ್ಟು ಮಕ್ಕಳಿಗೆ ಮರಾಠಿ ಬಿಟ್ಟರೆ ಬೇರೆ ಬಾರದು. ಎತ್ತರ ನೋಡಿ, ಹಲ್ಲು ನೋಡಿ, ತರಗತಿ ನಿರ್ಧರಿಸುತ್ತಿದ್ದೆವು. ಪತ್ರ ತಡವಾಯಿತೆಂದು ಪ್ರವೇಶ ತಡೆಯಬಾರದು ಎಂದು ಕಾಯ್ದೆ ಆಮೇಲೆ ಬರೆದುಕೊಂಡಿತು, ನಾವು ಮೊದಲೇ ಹಾಗೆ ಮಾಡುತ್ತಿದ್ದೆವು. ನಿಮ್ಮ ಅಪ್ಪ ಅಮ್ಮ ಭಾನುವಾರ ಏನು ಮಾಡುತ್ತಾರೆ ಎಂದು ಅವರನ್ನು ಯಾರೂ ಕೇಳಲಿಲ್ಲ. ಭಾನುವಾರವೂ ಅವರು ಕಬ್ಬು ಕಡಿಯುತ್ತಿದ್ದರು. ಯುಗಾದಿಯ ಹೊತ್ತಿಗೆ ಗಾಡಿ ಹೂಡಿಕೊಂಡು ಹೊರಟುಹೋಗುವಾಗ ಕೆಲವು ಮಕ್ಕಳಿಗೆ ಕನ್ನಡದ ಕಾಗುಣಿತ ಬಂದಿರುತ್ತಿತ್ತು, ಕೆಲವಕ್ಕೆ ಇಲ್ಲ. ನಮ್ಮ ಶಾಲೆಯ ಮಾಡು ಸೋರುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಊರು ಬಿಟ್ಟು ಬಂದ ಕುಟುಂಬಕ್ಕೆ ಬಾಗಿಲು ತೆರೆಯುವುದು ಶಾಲೆಯ ಮೊದಲ ಕೆಲಸ ಎಂದು ನಾನು ಕಲಿತದ್ದು ಅಲ್ಲಿ.

ಹಾಗಾದರೆ ಮೊಮ್ಮಕ್ಕಳನ್ನು ಸರ್ಕಾರಿ ಶಾಲೆಗೆ ಹಾಕಬಹುದಿತ್ತಲ್ಲ ಎಂದು ಕಾಮೆಂಟಿನಲ್ಲಿ ಕೇಳುವವರು ಈಗಾಗಲೇ ಬೆರಳು ಮಡಚಿ ಕುಳಿತಿರುತ್ತೀರಿ. ನಾನು ಆ ಮಾತು ಎತ್ತಿದೆ, ಮಗಳು ಒಪ್ಪಲಿಲ್ಲ, ಮಕ್ಕಳು ಅವಳವು. ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಸಣ್ಣವಳಿಗೆ ಸೀಟು ಸಿಕ್ಕಿತೆಂದು ಸಂಜೆ ಮಿಂಚಂಚೆ ಬಂದಾಗ ನನ್ನ ಎದೆ ಉಬ್ಬಿತು. ಅವಳು ನೇರಳೆ ಬಣ್ಣದ ಹೆಸರನ್ನು ಮೂರು ಭಾಷೆಯಲ್ಲಿ ಹೇಳಿದ್ದಳಂತೆ. ಹಾಳಾದ್ದು, ಖುಷಿಯಾಯಿತು. ಅಂದು ಎಷ್ಟು ಮಕ್ಕಳ ಮನೆಗೆ ಬೇರೆ ಮಿಂಚಂಚೆ ಹೋಯಿತೋ ಎಂದು ಹೊಳೆದದ್ದು ರಾತ್ರಿ ಮಲಗಿದ ಮೇಲೆ.

ಊರು ಬದಲಿಸುತ್ತಿರುವವರಿಗೆ ಹೇಳುವುದು ಇಷ್ಟೇ: ಕರಪತ್ರ ನೋಡಬೇಡಿ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತು ಹೊರಬರುವ ಮಕ್ಕಳ ಮುಖ ನೋಡಿ, ಆಯಾಗಳ ಜೊತೆ ಮಾತನಾಡಿ. ಬಸ್ಸು ಮೊದಲ ಮಗುವನ್ನು ಎಷ್ಟು ಗಂಟೆಗೆ ಹತ್ತಿಸಿಕೊಳ್ಳುತ್ತದೆ ಎಂದು ಚಾಲಕನನ್ನು ಕೇಳಿ. ಫಲಕದಲ್ಲಿ ಸಿಬಿಎಸ್‌ಇ ಮಾದರಿ ಎಂದು ಬರೆದಿದ್ದರೆ ಮಾನ್ಯತೆಯ ಸಂಖ್ಯೆ ಕೇಳಿ ಮಂಡಳಿಯ ಜಾಲತಾಣದಲ್ಲಿ ತಾಳೆ ನೋಡಿ. ಮಾದರಿ ಬೇರೆ, ಮಾನ್ಯತೆ ಬೇರೆ.

ಕ್ಷೇತ್ರ ಶಿಕ್ಷಣಾಧಿಕಾರಿಗೆ ದೂರು ಬರೆದು ಇಟ್ಟಿದ್ದೇನೆ, 13ನೇ ಸೆಕ್ಷನ್ ಉಲ್ಲೇಖಿಸಿಯೇ. ದೊಡ್ಡವನ ಫಲಿತಾಂಶ ಇನ್ನೂ ಬಂದಿಲ್ಲ. ಅವನಿಗೂ ಸೀಟು ಸಿಕ್ಕಿ, ಶುಲ್ಕದ ರಸೀದಿ ಕೈಗೆ ಬರುವವರೆಗೆ ಅದನ್ನು ಅಂಚೆಗೆ ಹಾಕಕೂಡದೆಂದು ಮಗಳು ಆಣೆ ಹಾಕಿಸಿಕೊಂಡಿದ್ದಾಳೆ. ಶಾಲೆಯ ಹೆಸರನ್ನೂ ಅದಕ್ಕೇ ಬರೆದಿಲ್ಲ. ಇನ್‌ಬಾಕ್ಸ್‌ಗೆ ಬಂದು ಕೇಳಬೇಡಿ.